ಮೊದಲ ವರ್ಷದ ಬಣ್ಣ

ಕ್ಲಬ್ಬಿನ ಮೇಲಂತಸ್ತಿನ ಕೋಣೆಯಲ್ಲಿ ಮೂರು ಮೇಜುಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಬಿಳಿ ಬಟ್ಟೆ ಹಾಸಿ, ತಮ್ಮ ಹಾಕಿ ತಂಡದ ಅರವತ್ತು ವರ್ಷಗಳ ಜೆರ್ಸಿಗಳನ್ನು ಹರವಿ ಇಟ್ಟಿದ್ದರು. ನಂಬರಕ್ಕ ಬಾಗಿಲಲ್ಲೇ ನಿಂತು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಎಷ್ಟೋ ವರ್ಷಗಳ ನಂತರ ಬಂಧುಬಳಗವನ್ನೆಲ್ಲ ಒಂದೇ ಮನೆಯಲ್ಲಿ ಕಂಡ ಹಾಗಾಗಿತ್ತು. ಯಾರನ್ನು ಮೊದಲು ಮಾತಾಡಿಸುವುದು, ಯಾರನ್ನು ಬಿಡುವುದು?

ಅವಳಿಗೊಂದು ನಿಜವಾದ ಹೆಸರು ಇತ್ತು. ಅದು ಬ್ಯಾಂಕಿನವರಿಗೆ ಮಾತ್ರ ಗೊತ್ತಿತ್ತು. ನಲವತ್ತಮೂರು ವರ್ಷ ಈ ತಂಡದ ಜೆರ್ಸಿಗಳ ಬೆನ್ನಿಗೆ ಬಟ್ಟೆಯ ಅಂಕಿ ಕತ್ತರಿಸಿ ಹೊಲಿದವಳಿಗೆ ಆಟಗಾರರು ಇಟ್ಟ ಹೆಸರು ನಂಬರಕ್ಕ. ಅವಳಿಗಿಂತ ಹಿರಿಯರೂ ಹಾಗೇ ಕರೆದರು, ಮೊಮ್ಮಕ್ಕಳ ವಯಸ್ಸಿನವರೂ ಹಾಗೇ ಕರೆದರು.

"ಬನ್ನಿ ನಂಬರಕ್ಕ, ನೀವು ಬಂದ್ರಿ ಅಂದ್ರೆ ನಮ್ಮ ಅರ್ಧ ತಲೆನೋವು ಹೋದ ಹಾಗೆ," ಎಂದು ಕ್ಲಬ್ಬಿನ ಕಾರ್ಯದರ್ಶಿ ಕುರ್ಚಿ ಎಳೆದ. "ಚೀಟಿಗಳೆಲ್ಲ ಉದುರಿಹೋಗಿವೆ. ಯಾವುದು ಯಾವ ವರ್ಷದ್ದು ಅಂತ ನಮಗೆ ಒಂದೂ ತಿಳೀತಿಲ್ಲ. ಇವರು ನಮ್ಮ ಡಿಸೈನರ್. ಅರವತ್ತನೇ ವರ್ಷದ ಪಂದ್ಯದ ಜೆರ್ಸಿ ಇವರದೇ ಕೈಯಲ್ಲಿದೆ."

ಡಿಸೈನರ್ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಕೊರಳಲ್ಲಿ ಅಳತೆಪಟ್ಟಿ ಇರಲಿಲ್ಲ. ಕೈಯಲ್ಲಿ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ಬಣ್ಣದ ಕಾರ್ಡುಗಳ ಕಟ್ಟು ಇತ್ತು. ಕೂತುಕೊಳ್ಳಿ ಎಂದು ಬಾಯಲ್ಲಿ ಹೇಳದೆ ಕಿಟಕಿಯ ಪರದೆಯನ್ನು ಒಂದಿಷ್ಟು ಸರಿಸಿ, ಬೆಳಕು ಮುದುಕಿಯ ಕಣ್ಣಿಗೆ ಹೊಡೆಯದೆ ಮೇಜಿನ ಮೇಲೆ ಬೀಳುವಂತೆ ಮಾಡಿದಳು. ನಂಬರಕ್ಕ ಅದನ್ನು ಗಮನಿಸಿದಳು. ಈ ಹುಡುಗಿಗೆ ಬಟ್ಟೆ ನೋಡಲು ಬರುತ್ತದೆ ಎಂದುಕೊಂಡಳು.

"ಇದು ಎರಡನೇ ವರ್ಷದ್ದು. ಮಿಲ್ಲಿನ ಕೆಂಪು, ಕಾಲರು, ಮೂರು ಗುಂಡಿ, ಉದ್ದ ತೋಳು. ತೋಳು ಮಡಚಿ ಮಡಚಿ ಆಡೋರು, ಮಡಿಕೆ ಬಿಚ್ಚಿಕೊಂಡು ಕೋಲಿಗೆ ಸುತ್ತಿಕೊಳ್ಳೋದು. ಆರನೇ ವರ್ಷ, ಆಗ ಅಂಗಿ ಹೊಲೀತಿದ್ದ ನಮ್ಮಮ್ಮ ಯಾರನ್ನೂ ಕೇಳದೆ ಮೊಣಕೈಗೆ ಕತ್ತರಿಸಿಬಿಟ್ಟಳು. ಕಮಿಟಿಯವರು ಕುಣಿದಾಡಿದರು. ಆಟಗಾರರು ಅಂಗಡಿಗೆ ಬಂದು ಅಮ್ಮನ ಕೈ ಕುಲುಕಿ ಹೋದರು. ಇಗೋ, ಇದೇ."

ಕಾರ್ಯದರ್ಶಿ ಬರೆದುಕೊಳ್ಳುತ್ತ ಹೋದ. ನಂಬರಕ್ಕ ಮೇಜಿನುದ್ದಕ್ಕೂ ನಿಧಾನವಾಗಿ ಸರಿದಳು. ಎದುರಾಳಿ ತಂಡವೂ ಕೆಂಪು ತೊಟ್ಟುಕೊಂಡು ಬಂದು ಇಬ್ಬರೂ ತಮ್ಮವರಿಗೇ ಚೆಂಡು ಕೊಡುತ್ತಿದ್ದೇವೆಂದುಕೊಂಡು ಎದುರಾಳಿಗೆ ಕೊಟ್ಟು ಗಲಾಟೆಯಾದ ಮೇಲೆ ಎದೆಗೆ ಬಂದ ಬಿಳಿ ಪಟ್ಟಿ. ಕ್ಲಬ್ಬು ಆಟಗಾರರಿಗೆ ಸಂಬಳ ಕೊಡಲು ಶುರುಮಾಡಿದ ವರ್ಷ ಕಾಲರಿನ ಮೇಲೆ ಹೊಲಿಸಿದ ಚಿನ್ನದ ಬಣ್ಣದ ದಾರ. ಆಮೇಲೆ ನೈಲಾನ್ ಬಂತು.

"ಇದರೊಳಗೆ ಕೈ ಹಾಕಿ ನೋಡಮ್ಮ," ಎಂದಳು ಡಿಸೈನರ್‌ಗೆ. "ಕತ್ತಿನ ಹತ್ತಿರ."

ಡಿಸೈನರ್ ಕೈ ಹಾಕಿದಳು. "ಒಳಗೆ ಹತ್ತಿಬಟ್ಟೆ ಇದೆಯಲ್ಲ!"

"ನೈಲಾನು ಕತ್ತನ್ನ ಕೆಂಪಗೆ ಮಾಡ್ತಿತ್ತು. ಯಾರೂ ಬಾಯಿಬಿಟ್ಟು ಹೇಳ್ತಿರಲಿಲ್ಲ, ಗಂಡಸರು ನೋಡು. ಹಳೇ ದಿಂಬಿನ ಚೀಲ ಹರಿದು ಒಳಗೆ ಪಟ್ಟಿ ಹೊಲಿದೆ. ಅವರಿಗೆ ಗೊತ್ತಾಯಿತೋ ಇಲ್ಲವೋ, ಆ ವರ್ಷ ಕೆರೆದುಕೊಳ್ಳೋದು ಮಾತ್ರ ನಿಂತಿತು."

ಟೈರು ಕಂಪನಿಯ ಹೆಸರು ಬಂದ ವರ್ಷದ ಜೆರ್ಸಿ ನೋಡಿ ಅವಳಿಗೆ ನಗು ತಡೆಯಲಾಗಲಿಲ್ಲ. ಕಂಪನಿಯ ಅಕ್ಷರಗಳು ಅಷ್ಟು ದೊಡ್ಡವಾಗಿದ್ದರಿಂದ ಅಂಕಿಯನ್ನು ಕೆಳಕ್ಕೆ ಇಳಿಸಬೇಕಾಗಿ ಬಂದಿತ್ತು. ಅಂಗಿಯನ್ನು ಚಡ್ಡಿಯೊಳಗೆ ತುರುಕಿದರೆ ಎಂಟನೇ ನಂಬರಿನವನ ಬೆನ್ನಲ್ಲಿ ಬರೀ ಸೊನ್ನೆ ಉಳಿಯುತ್ತಿತ್ತು. ಅವನು ಆ ವರ್ಷ ಒಂದೂ ಗೋಲು ಹೊಡೆಯಲಿಲ್ಲ. ತಪ್ಪೆಲ್ಲ ನಂಬರಕ್ಕನದೇ ಎಂದು ಊರಿಗೆಲ್ಲ ಸಾರಿಕೊಂಡು ತಿರುಗಿದ್ದ.

"ಇದು ಟೀವಿಯವರಿಗೋಸ್ಕರ ಮಾಡಿದ್ದಲ್ವಾ?" ಎಂದ ಕಾರ್ಯದರ್ಶಿ. ಕಣ್ಣು ಕುಕ್ಕುವ ಕಿತ್ತಳೆ ಬಣ್ಣ, ಅಡ್ಡಡ್ಡ ಮಿಂಚಿನ ಗೆರೆ.

"ಹೌದು. ಟೀವಿಯಲ್ಲಿ ಚೆನ್ನಾಗಿ ಕಾಣಲಿ ಅಂತ. ನಮ್ಮನೆ ಟೀವಿ ಕಪ್ಪುಬಿಳುಪಿಂದು."

ಕೊನೆಯ ಮೇಜಿನ ಜೆರ್ಸಿಗಳಲ್ಲಿ ಹೊಲಿಗೆಯೇ ಇರಲಿಲ್ಲ. ಅಂಕಿ, ಅಕ್ಷರ, ಪಟ್ಟಿ ಎಲ್ಲ ಬಟ್ಟೆಯೊಳಗೇ ಅಚ್ಚಾಗಿ ಬಂದವು. ಅವು ಬಂದ ವರ್ಷವೇ ನಂಬರಕ್ಕನ ಕೆಲಸ ಮುಗಿದದ್ದು. ಆದರೂ ಆಗಿನ ಸ್ಟೋರ್ ಕೀಪರು ಪ್ರತಿ ವರ್ಷ ಹೊಸ ಜೆರ್ಸಿಯೊಂದನ್ನು ಕಾಗದದಲ್ಲಿ ಸುತ್ತಿ ತರುತ್ತಿದ್ದ. "ಅಂಚು ಒಂಚೂರು ಬಿಟ್ಟಿದೆ ಅನ್ಸುತ್ತೆ, ನೋಡ್ತೀರಾ ಅಕ್ಕಾ?" ಎನ್ನುತ್ತಿದ್ದ. ಅಂಚು ಎಂದೂ ಬಿಟ್ಟಿರುತ್ತಿರಲಿಲ್ಲ. ಅವಳು ನೋಡಿ, ಎಲ್ಲೋ ಎರಡು ಹೊಲಿಗೆ ಹಾಕಿ ಕೊಡುತ್ತಿದ್ದಳು. ಅವನು ನಿವೃತ್ತನಾಗುವವರೆಗೂ ಇಬ್ಬರೂ ಈ ನಾಟಕವನ್ನು ಬಿಡಲಿಲ್ಲ.

ಎಲ್ಲ ಮುಗಿದ ಮೇಲೆ ಅವಳು ಮೇಜಿನ ಮೊದಲಿಗೆ ಹಿಂತಿರುಗಿದಳು. ಅಲ್ಲಿ ಜಾಗ ಖಾಲಿ ಇತ್ತು. ಬಿಳಿ ಬಟ್ಟೆಯ ಮೇಲೆ ಕಟ್ಟುಹಾಕಿಸಿದ ಒಂದು ಕಪ್ಪುಬಿಳುಪು ಫೋಟೋ, ಅಷ್ಟೇ. ಮರದ ಕೆಳಗೆ ಸಾಲಾಗಿ ನಿಂತ ಹನ್ನೊಂದು ಜನ.

"ಮೊದಲ ವರ್ಷದ್ದು ಒಂದೂ ಉಳಿದಿಲ್ಲ," ಎಂದ ಕಾರ್ಯದರ್ಶಿ. "ಅದನ್ನೇ ಮತ್ತೆ ಮಾಡಿಸ್ತಾ ಇದ್ದೀವಿ. ವಿಶೇಷ ಪಂದ್ಯಕ್ಕೆ ಹುಡುಗರೆಲ್ಲ ಮೊದಲ ವರ್ಷದ ಜೆರ್ಸಿ ಹಾಕ್ಕೊಂಡು ಇಳೀತಾರೆ. ಕೆಂಪು. ಶುಕ್ರವಾರ ಮಿಲ್ಲಿಗೆ ಬಣ್ಣದ ನಂಬರ್ ಕಳಿಸಬೇಕು."

"ಕೆಂಪಾ?" ಎಂದಳು ನಂಬರಕ್ಕ. "ಮೊದಲ ವರ್ಷ ಬದನೆಕಾಯಿ ಬಣ್ಣ ಅಲ್ವಾ?"

ಕಾರ್ಯದರ್ಶಿ ನಕ್ಕ. "ಬದನೆಕಾಯಾ? ಇಲ್ಲ ಅಕ್ಕಾ, ಇಪ್ಪತ್ತೈದನೇ ವರ್ಷದ ಸ್ಮರಣ ಸಂಚಿಕೆಯಲ್ಲೇ ಇದೆ. ಕಡುಗೆಂಪು ಅಂಗಿ ತೊಟ್ಟ ಹನ್ನೊಂದು ವೀರರು ಅಂತ."

"ಅದನ್ನ ಬರೆದವನು ಮೊದಲ ವರ್ಷ ತೊಟ್ಟಿಲಲ್ಲಿದ್ದ."

"ನೀವೂ ಹುಡುಗೀನೇ ಅಲ್ವಾ ಆಗ?"

"ಹದಿನಾರು. ಕಣ್ಣು ಚೆನ್ನಾಗಿತ್ತು."

ತಮಾಷೆಯಂತೆ ಹೇಳಿದಳು, ಆದರೆ ಅವಳಿಗೆ ಅದು ತಮಾಷೆಯಾಗಿರಲಿಲ್ಲ. ಆ ವರ್ಷ ಕ್ಲಬ್ಬಿನ ಬಳಿ ಬಣ್ಣದ ಬಟ್ಟೆ ಕೊಳ್ಳುವ ಶಕ್ತಿ ಇರಲಿಲ್ಲ. ಅಮ್ಮ ಬಿಳಿ ಬಟ್ಟೆಯಲ್ಲಿ ಅಂಗಿ ಹೊಲಿದು, ಅಂಗಡಿಯ ಹಿಂದೆ ಇದ್ದಿಲ ಒಲೆಯ ಮೇಲೆ ಹಂಡೆ ಇಟ್ಟು ತಾನೇ ಬಣ್ಣ ಅದ್ದಿದ್ದಳು. ನಂಬರಕ್ಕ ಆಗ ಹಾಸ್ಟೆಲಿನಲ್ಲಿದ್ದಳು. ಪರೀಕ್ಷೆ ಮುಗಿಸಿ ಮನೆಗೆ ಬರುವಷ್ಟರಲ್ಲಿ ಅಂಗಿಗಳು ಕ್ಲಬ್ಬು ಸೇರಿದ್ದವು. ಅವಳು ಕಂಡದ್ದು ಅಮ್ಮನ ಕೈ. ಮಣಿಕಟ್ಟಿನವರೆಗೂ ಬದನೆಕಾಯಿ ಬಣ್ಣ. ಉಗುರಿನ ಸಂದಿಯಲ್ಲಿ ಅದು ಎರಡು ತಿಂಗಳು ಉಳಿದಿತ್ತು. ಅಮ್ಮ ಆ ಕೈಯನ್ನು ಬೆನ್ನ ಹಿಂದೆ ಮಡಚಿಕೊಂಡೇ ಗಿರಾಕಿಗಳ ಹತ್ತಿರ ಮಾತಾಡುತ್ತಿದ್ದಳು. ಮಾರನೇ ವರ್ಷದಿಂದ ಬಟ್ಟೆ ಬಣ್ಣವಾಗಿಯೇ ಮಿಲ್ಲಿನಿಂದ ಬಂತು. ಈ ಮೇಜಿನ ಮೇಲಿರುವ ಎಲ್ಲ ಬಣ್ಣಗಳನ್ನೂ ಯಾರೋ ಎಲ್ಲೋ ಮಾಡಿದ್ದು. ಅಮ್ಮ ತಾನೇ ಮಾಡಿದ್ದು ಆ ಒಂದು ಬಣ್ಣ. ಅದೂ ಈಗ ಮಿಲ್ಲಿನ ಕೆಂಪಾಗಿ ಅಚ್ಚಾಗಿಬಿಟ್ಟರೆ, ಆ ಹಂಡೆಯ ಮುಂದೆ ಅಮ್ಮ ನಿಂತದ್ದೇ ಸುಳ್ಳು ಎಂದ ಹಾಗೆ.

"ಪ್ರತಿ ಪಂದ್ಯವನ್ನೂ ನೋಡಿದ್ದೀನಿ," ಎಂದಳು ಮತ್ತೆ. "ನಮ್ಮ ಅಂಗಡಿಯ ಹಿಂದಿನ ಕಿಟಕಿ ತೆರೆದರೆ ಈ ಕಡೆಯ ಗೋಲು ಕೈಗೆ ಸಿಗೋ ಹಾಗಿತ್ತು. ಬದನೆಕಾಯಿ ಬಣ್ಣವೇ."

ಕಾರ್ಯದರ್ಶಿ ತಲೆ ಕೆರೆದುಕೊಂಡ. ಕೆಟ್ಟವನಲ್ಲ. ಆದರೆ ಪುಸ್ತಕದಲ್ಲಿ ಅಚ್ಚಾದದ್ದಕ್ಕೂ ಮುದುಕಿಯ ಬಾಯಿಮಾತಿಗೂ ನಡುವೆ ಸಿಕ್ಕಿಬಿದ್ದಿದ್ದ. ಆಗ ಡಿಸೈನರ್ ಕೇಳಿದಳು: "ಒಂದು ಚೂರು ಬಟ್ಟೆ ಎಲ್ಲಾದ್ರೂ ಸಿಗುತ್ತಾ ಅಮ್ಮಾ? ಬೆರಳಗಲ ಸಾಕು. ಬಣ್ಣ ಓದೋ ಯಂತ್ರ ಇದೆ ನನ್ನ ಹತ್ತಿರ."

"ಕ್ಯಾಪ್ಟನ್ ಹತ್ತಿರ ಒಂದಿದೆ," ಎಂದಳು ನಂಬರಕ್ಕ. "ಆದರೆ ಅದು ಬಿಸಿಲಿಗೆ, ಒಗೆತಕ್ಕೆ ಬೂದಿ ಆಗಿಹೋಗಿದೆ. ಬೆನ್ನಿಗೆ ಹೊಲಿದ ನಂಬರಿನ ಅಡಿಯಲ್ಲಿ ಮಾತ್ರ ಬಿಸಿಲು ತಾಗಿರಲ್ಲ."

*

ಮೊದಲ ಹತ್ತು ವರ್ಷ ತಂಡವನ್ನು ನಡೆಸಿದ ಕ್ಯಾಪ್ಟನ್‌ಗೆ ಈಗ ಎಂಬತ್ತನಾಲ್ಕು. ಮೈದಾನದಿಂದ ನಾಲ್ಕು ಬೀದಿ ಆಚೆ, ಎರಡನೇ ಮಹಡಿಯ ಮನೆ. ಡಿಸೈನರ್ ತನ್ನ ಕಾರಿನಲ್ಲಿ ನಂಬರಕ್ಕನನ್ನು ಕರೆದುಕೊಂಡು ಹೋದಳು. ಮೆಟ್ಟಿಲು ಹತ್ತುವಾಗ ತಾನೇ ದಣಿದವಳಂತೆ ಎರಡು ಕಡೆ ನಿಂತಳು.

ಬಾಗಿಲು ತೆರೆದದ್ದು ಕ್ಯಾಪ್ಟನ್ನರ ಹೆಂಡತಿ. ಪ್ರಾಥಮಿಕ ಶಾಲೆಯ ಟೀಚರಾಗಿದ್ದವರು, ನಂಬರಕ್ಕನ ಐವತ್ತು ವರ್ಷದ ಸ್ನೇಹಿತೆ.

"ಏನೇ, ದಾರಿ ತಪ್ಪಿ ಬಂದ್ಯಾ? ಫೋನು ಮಾಡಿದ್ರೆ ಮನೆ ಗುಡಿಸಿ ಇಟ್ಟಿರ್ತಿದ್ದೆ."

"ಅದಕ್ಕೇ ಮಾಡಲಿಲ್ಲ. ಗುಡಿಸಿದ ಮನೇಲಿ ನೀನು ಕೂರೋಕೆ ಬಿಡಲ್ಲ."

ವಿಷಯ ಹೇಳಿದಾಗ ಟೀಚರರ ಮುಖ ಸ್ವಲ್ಪ ಬಾಡಿತು. ದನಿ ತಗ್ಗಿಸಿದರು. "ಜೆರ್ಸಿ ಇದೆ. ಆದರೆ ಅದು ಅವರ ಮೈ ಮೇಲೇ ಇದೆ ಕಣೇ. ಮಧ್ಯಾಹ್ನ ಆದ್ರೆ ಸಾಕು, ನಾಲ್ಕು ಗಂಟೆಗೆ ಮ್ಯಾಚು ಅಂತ ಹಾಕ್ಕೊಂಡು ಕೂರ್ತಾರೆ. ಹೊಟ್ಟೆ ಬಂದಾಗ ಎರಡೂ ಪಕ್ಕ, ಅಂಚು, ಎಲ್ಲ ಬಿಚ್ಚಿ ದೊಡ್ಡದು ಮಾಡಿದ್ದೆ. ಈಗ ಹೊಟ್ಟೆ ಹೋಯ್ತು, ಜೋಲಾಡುತ್ತೆ. ನನ್ನ ಹೆಸರು ಒಂದೊಂದು ದಿನ ಮರೀತಾರೆ. ನಂಬರ್ ನಾಲ್ಕು ಅನ್ನೋದನ್ನ ಮಾತ್ರ ಮರೆತಿಲ್ಲ."

ಒಳಗಿನ ಕೋಣೆಯಲ್ಲಿ ಕ್ಯಾಪ್ಟನ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದರು. ಜೆರ್ಸಿ ಹಳೆಯ ಇಟ್ಟಿಗೆಯ ಪುಡಿಯೋ ಒಲೆಯ ಬೂದಿಯೋ ಎಂದು ಹೇಳಲಾಗದ ಬಣ್ಣಕ್ಕೆ ತಿರುಗಿತ್ತು. ಬೆನ್ನ ಮೇಲೆ ಹಳದಿಗಟ್ಟಿದ ಬಿಳಿ ಬಟ್ಟೆಯ ನಾಲ್ಕು. ಅವರು ತಿರುಗಿ ನೋಡಿದರು. ನಂಬರಕ್ಕನನ್ನು ಕಂಡರು. ಅವಳ ಕೈಯಲ್ಲಿದ್ದ ಹೊಲಿಗೆ ಚೀಲವನ್ನು ಕಂಡರು. ಕುರ್ಚಿಯ ಕೈ ಹಿಡಿದುಕೊಂಡರು.

"ಇವಳು ಯಾಕೆ ಬಂದಳು?" ಎಂದರು ಹೆಂಡತಿಗೆ. "ನನ್ನನ್ನ ತೆಗೆದರಾ?"

ಆ ಪ್ರಶ್ನೆ ಎಲ್ಲಿಂದ ಬಂತೆಂದು ನಂಬರಕ್ಕನಿಗೆ ಗೊತ್ತಿತ್ತು. ಹಳೆಯ ದಿನಗಳಲ್ಲಿ ಜೆರ್ಸಿಗಳು ಕಡಿಮೆ ಇದ್ದವು. ಯಾರನ್ನಾದರೂ ತಂಡದಿಂದ ಕೈಬಿಟ್ಟರೆ ಅವನ ಅಂಗಿ ಅಂಗಡಿಗೆ ಬರುತ್ತಿತ್ತು. ಅವಳು ಪುಟ್ಟ ಕತ್ತರಿಯಿಂದ ನಂಬರನ್ನು ಬಿಚ್ಚಿ ಬೇರೆಯವನಿಗೆ ಬೇರೆ ನಂಬರು ಹೊಲಿಯುತ್ತಿದ್ದಳು. ಕಮಿಟಿಯವರು ಬಾಯಿಬಿಟ್ಟು ಹೇಳುವ ಮೊದಲೇ ಆಟಗಾರರಿಗೆ ಸುದ್ದಿ ತಿಳಿಯುತ್ತಿದ್ದದ್ದು ಹೀಗೆ: ನಂಬರಕ್ಕ ಕತ್ತರಿ ಹಿಡಿದು ಪೆವಿಲಿಯನ್ನಿಗೆ ಬಂದಳು ಎಂದರೆ ಇವತ್ತು ಯಾರದೋ ಬೆನ್ನು ಬೋಳಾಯಿತು. ಅವಳನ್ನು ಕಂಡು ಶೌಚಾಲಯದೊಳಗೆ ಬಚ್ಚಿಟ್ಟುಕೊಂಡವರೂ ಉಂಟು. ಈ ಮನುಷ್ಯ ಮಾತ್ರ ಆಗ ಎಂದೂ ಹೆದರಿರಲಿಲ್ಲ.

ಅವಳು ಚೀಲವನ್ನು ಬೆನ್ನ ಹಿಂದೆ ಸರಿಸಿ ಡಿಸೈನರ್ ಕಡೆ ತಿರುಗಿದಳು. "ಬೇಡಮ್ಮ. ಕೆಂಪೇ ಹಾಕು. ಹೋಗೋಣ."

"ಆದರೆ ಅಮ್ಮಾ..."

"ಇವರ ಬೆನ್ನಿಂದ ನಂಬರ್ ಕಿತ್ತು ನಮ್ಮಮ್ಮನ ಬಣ್ಣ ಹುಡುಕೋಕಾಗುತ್ತಾ? ಅವಳೇ ಎದ್ದು ಬಂದು ಕಪಾಳಕ್ಕೆ ಬಿಗೀತಾಳೆ."

ಡಿಸೈನರ್ ಯಂತ್ರವನ್ನು ಚೀಲದೊಳಗೆ ಇಟ್ಟಳು. ಟೀಚರ್ ಚಹಾ ಮಾಡಲು ಅಡುಗೆಮನೆಗೆ ಹೋದರು. ನಂಬರಕ್ಕ ಬರಿಗೈಯಲ್ಲಿ ಕ್ಯಾಪ್ಟನ್ನರ ಹತ್ತಿರ ಹೋಗಿ ಸ್ಟೂಲಿನ ಮೇಲೆ ಕೂತಳು.

"ನಿಮ್ಮನ್ನ ತೆಗೆಯೋಕೆ ಯಾರಿಗೆ ಧೈರ್ಯ ಇದೆ ಕ್ಯಾಪ್ಟನ್? ಸುಮ್ಮನೆ ನೋಡಿಕೊಂಡು ಹೋಗೋಣ ಅಂತ ಬಂದೆ."

ಅವರ ಬೆರಳುಗಳು ಕುರ್ಚಿಯ ಕೈಯಿಂದ ಸಡಿಲಾದವು. ಬಹಳ ಹೊತ್ತು ಅವಳ ಮುಖ ನೋಡಿದರು. ಆಮೇಲೆ ಗುಟ್ಟು ಹೇಳುವವರಂತೆ ಹತ್ತಿರ ಬಾಗಿದರು. "ನಂಬರು ಬಿಟ್ಟುಕೊಂಡಿದೆ. ಮೂಲೇಲಿ. ಕೈಗೆ ಸಿಗುತ್ತೆ. ಆಟದ ಮಧ್ಯೆ ಹಾರಿಹೋದ್ರೆ?"

ನಂಬರಕ್ಕ ಬಗ್ಗಿ ನೋಡಿದಳು. ನಿಜ. ನಾಲ್ಕರ ಕಾಲಿನ ಹತ್ತಿರ ದಾರ ಕೊಳೆತು ಬೆರಳಗಲ ಬಿಟ್ಟಿತ್ತು. ಅವರು ಬೆನ್ನ ಹಿಂದೆ ಕೈ ತಿರುಗಿಸಿ ದಿನವೂ ಅದನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದಿರಬೇಕು.

"ಗಟ್ಟಿ ಮಾಡಿಕೊಡ್ಲಾ?"

"ಮ್ಯಾಚು ನಾಲ್ಕಕ್ಕೆ."

"ಮೂರಕ್ಕೇ ಮುಗಿಸ್ತೀನಿ. ಆದರೆ ಕ್ಯಾಪ್ಟನ್, ಹಳೇ ದಾರ ಕೊಳೆತಿದೆ. ಹೊಸ ದಾರ ಹಾಕಬೇಕಾದ್ರೆ ಆ ಮೂಲೇನ ಇನ್ನೊಂಚೂರು ಬಿಚ್ಚಬೇಕು. ಒಂದೇ ಮೂಲೆ. ನಂಬರ್ ಬೆನ್ನು ಬಿಟ್ಟು ಕದಲಲ್ಲ. ಬಿಚ್ಚಿದಾಗ ಒಳಗಿನ ಬಣ್ಣ ನೋಡೋ ಆಸೆ ಈ ಹುಡುಗಿಗೆ. ನೋಡಬಹುದಾ?"

ಸುಳ್ಳು ಹೇಳಿ ಕತ್ತರಿ ಹಾಕುವುದು ಸುಲಭವಿತ್ತು. ಅದು ಅವಳಿಗೆ ಬೇಕಿರಲಿಲ್ಲ. ಕ್ಯಾಪ್ಟನ್ ಡಿಸೈನರ್ ಕಡೆ ನೋಡಿದರು, ಹೊಲಿಗೆ ಚೀಲದ ಕಡೆ ನೋಡಿದರು.

"ನೀನೇ ಹೊಲೀತೀಯಾ? ಬೇರೆಯವರಿಗೆ ಕೊಡಲ್ಲ ತಾನೇ?"

"ನಾನೇ. ನಿಮ್ಮ ಮೈ ಮೇಲೇ ಇರಲಿ."

ಅವರು ಎದ್ದು ನಿಂತರು. ಮೂಲೆಯಲ್ಲಿ ಒರಗಿಸಿದ್ದ ಊರುಗೋಲನ್ನು ಹಾಕಿ ಕೋಲಿನಂತೆ ಎರಡೂ ಕೈಯಲ್ಲಿ ಹಿಡಿದು, ಮಂಡಿ ಮಡಚಿ, ಬಗ್ಗಿದರು. ಡಿಸೈನರ್ ಗಾಬರಿಯಿಂದ ಹಿಡಿದುಕೊಳ್ಳಲು ಮುಂದೆ ಬಂದಳು. ನಂಬರಕ್ಕ ಕೈ ಅಡ್ಡ ಹಿಡಿದಳು.

"ಬಿಡು. ಅದು ನಮ್ಮಮ್ಮನ ಪದ್ಧತಿ. ಹಾಕಿ ಆಡೋರು ನೆಟ್ಟಗೆ ನಿಂತು ಆಡ್ತಾರಾ? ಬಗ್ಗಿ ಆಡ್ತಾರೆ. ನೆಟ್ಟಗೆ ನಿಂತಾಗ ಹೊಲಿದ ನಂಬರು ಬಗ್ಗಿದ ತಕ್ಷಣ ಸುಕ್ಕಾಗಿ ಓದೋಕೆ ಬರಲ್ಲ. ಅದಕ್ಕೆ ಎಲ್ಲರನ್ನೂ ಕೋಲು ಹಿಡಿದು ಬಗ್ಗಿಸಿ, ಆಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕೋಳು. ಅಂಗಡಿಯೊಳಗೆ ಹನ್ನೊಂದು ಜನ ಬಗ್ಗಿಕೊಂಡು ನಿಂತಿರೋರು. ಬೀದಿಯವರಿಗೆ ಪುಕ್ಕಟೆ ನಾಟಕ."

ಅವಳು ಸ್ಟೂಲನ್ನು ಅವರ ಬೆನ್ನ ಹಿಂದೆ ಎಳೆದುಕೊಂಡು ಕತ್ತರಿ ತೆಗೆದಳು. ದಾರದ ಹೊಲಿಗೆಗಳು ಅಕ್ಕಿಯ ಮೊನೆಯಷ್ಟು ಸಣ್ಣವು, ಒಂದರ ಪಕ್ಕ ಒಂದು. ಮೊದಲ ವರ್ಷದ ನಂಬರುಗಳನ್ನು ಹೊಲಿದದ್ದು ಅಮ್ಮನೇ. ಅವಳು ಇಷ್ಟು ವರ್ಷ ತನ್ನ ಹೊಲಿಗೆ ಬಿಚ್ಚಿದ್ದಳು, ಅಮ್ಮನದನ್ನು ಎಂದೂ ಬಿಚ್ಚಿರಲಿಲ್ಲ. ಒಂದು, ಎರಡು, ಮೂರು... ಏಳನೆಯದಕ್ಕೆ ನಿಲ್ಲಿಸಿದಳು. ಬಟ್ಟೆಯ ಮೂಲೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎತ್ತಿದಳು.

ಕೆಂಪು.

ಕಣ್ಣು ಮಂಜಾಗಿದೆ ಎಂದುಕೊಂಡು ಕನ್ನಡಕ ಸರಿಮಾಡಿ ಮತ್ತೆ ನೋಡಿದಳು. ಕೆಂಪೇ. ಹೊಸದಾಗಿ ಒಡೆದ ಇಟ್ಟಿಗೆಯ ಒಳಮೈಯಂತೆ, ನಿನ್ನೆ ಅದ್ದಿ ತೆಗೆದಂತೆ. ಡಿಸೈನರ್ ಯಂತ್ರದ ಮೂತಿಯನ್ನು ಅಲ್ಲಿ ಒತ್ತಿ ತೆಗೆದಳು. ಪರದೆಯ ಮೇಲೆ ಅಂಕಿಗಳು ಬಂದವು. ಅವಳು ಅವನ್ನು ಜೋರಾಗಿ ಓದಲಿಲ್ಲ.

ನಂಬರಕ್ಕ ಸೂಜಿಗೆ ದಾರ ಪೋಣಿಸಲು ನೋಡಿದಳು. ಮೂರು ಸಲ ತಪ್ಪಿತು. ನಾಲ್ಕನೇ ಸಲ ಡಿಸೈನರೇ ಅವಳ ಕೈಯಿಂದ ತೆಗೆದುಕೊಂಡು ಪೋಣಿಸಿ ಕೊಟ್ಟಳು. ಅರವತ್ತು ವರ್ಷ ತಾನು ಹೇಳಿಕೊಂಡು ಬಂದ ಬಣ್ಣ ಇರಲೇ ಇಲ್ಲ. ಹಾಗಾದರೆ ಅಮ್ಮನ ಕೈ? ಅದೂ ತಾನೇ ಹಚ್ಚಿದ ಬಣ್ಣವೇ? ಮುಪ್ಪು ಎಂದರೆ ಕ್ಯಾಪ್ಟನ್ನರಂತೆ ಮರೆಯುವುದೊಂದೇ ಅಲ್ಲ, ಇಲ್ಲದ್ದನ್ನು ನೆನಪಿಡುವುದೂ ಇರಬಹುದು. ಎರಡೆಳೆ ದಾರದಲ್ಲಿ, ಅಮ್ಮನ ತೂತುಗಳಲ್ಲೇ ಸೂಜಿ ಹಾಯಿಸುತ್ತ ಹೊಲಿದಳು.

"ಏನು ಸಿಕ್ತು?" ಎಂದು ಕೇಳಿದರು ಟೀಚರ್, ಚಹಾದ ತಟ್ಟೆ ಹಿಡಿದು ಬಂದು.

"ಕೆಂಪು ಕಣೇ. ನಾನೇ ತಪ್ಪು. ಬದನೆಕಾಯಿ ಅಂತ ಎಲ್ಲರ ಹತ್ತಿರ ಜಗಳ ಆಡಿದ್ದೆ."

ಬಗ್ಗಿದಲ್ಲಿಂದಲೇ ಕ್ಯಾಪ್ಟನ್ನರ ದನಿ ಬಂತು. "ಬದನೆಕಾಯಿ ಕಂಬಂದು."

ನಂಬರಕ್ಕನ ಸೂಜಿ ಅರ್ಧದಲ್ಲೇ ನಿಂತಿತು.

"ಏನಂದ್ರಿ?" ಎಂದಳು ನಂಬರಕ್ಕ.

"ಹಂಡೇಲಿ ಒಂದು ಸಲಕ್ಕೆ ಎರಡೇ ಅಂಗಿ ಹಿಡೀತಿದ್ದವು. ನಂದು ಮೊದಲು. ಒಳ್ಳೇ ಕೆಂಪು. ಆಮೇಲೆ ಇವನದು, ಅವನದು... ಅದೇ ನೀರು. ತೆಳ್ಳಗಾಯ್ತು. ಆಗ ನಿಮ್ಮಮ್ಮ ಬಟ್ಟೆಗೆ ಹಾಕೋ ನೀಲಿ ತಂದು ಕಲಕಿದಳು. ಬಣ್ಣ ಗಟ್ಟಿಯಾಗಲಿ ಅಂತ. ಕೊನೇದು ಕಂಬಂದು. ಒಳ್ಳೇ ಬದನೆಕಾಯಿ." ಕ್ಯಾಪ್ಟನ್ ಬೆನ್ನು ಅಲುಗಿಸುತ್ತ ನಗತೊಡಗಿದರು. "ಸಾಲಾಗಿ ನಿಂತರೆ ಒಬ್ಬೊಬ್ಬರದು ಒಂದೊಂದು ಬಣ್ಣ. ಅವನು ಕೊನೇಲಿ. ಅಮ್ಮ ಅಂದಳು, ನೀನು ಗೋಲಲ್ಲಿ ನಿಲ್ಲೋನು, ನಿನ್ನನ್ನ ಯಾರಪ್ಪ ನೋಡ್ತಾರೆ, ಹಾಕ್ಕೋ."

"ಸೂಜಿ ಚುಚ್ಚುತ್ತೆ, ಅಲ್ಲಾಡಬೇಡಿ," ಎಂದಳು ನಂಬರಕ್ಕ.

ಕಂಬ ಎಂದರೆ ಮೊದಲ ವರ್ಷದ ಗೋಲ್‌ಕೀಪರ್. ಎತ್ತರದ, ಮಾತು ಕಡಿಮೆಯ ಮನುಷ್ಯ, ಗೋಲಿನ ಮೂರನೇ ಕಂಬ ಎಂದು ಎಲ್ಲರೂ ಆಡಿಕೊಳ್ಳುತ್ತಿದ್ದರು. ಆಗ ಗೋಲ್‌ಕೀಪರನಿಗೆ ಬೇರೆ ಬಣ್ಣದ ಅಂಗಿ ಎಂದು ಇರಲಿಲ್ಲ. ನಾಲ್ಕು ವರ್ಷದ ನಂತರ ನಂಬರಕ್ಕ ಅವನನ್ನೇ ಮದುವೆಯಾದಳು. ಮೊದಲ ಮಗು ಹುಟ್ಟಿದಾಗ ಆ ಅಂಗಿಯನ್ನು ಹರಿದು ಮಗುವಿನ ಲಂಗೋಟಿಗೆ ಮೆತ್ತನೆಯ ಚೌಕಗಳಾಗಿ ಮಾಡಿದ್ದಳು. ಅವನು ಹೋಗಿ ಒಂಬತ್ತು ವರ್ಷವಾಯಿತು.

ಟೀಚರ್ ಚಹಾದ ತಟ್ಟೆಯನ್ನು ಮಂಚದ ಮೇಲಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು, ಹೊಟ್ಟೆ ಹುಣ್ಣಾಗುವಂತೆ ನಕ್ಕರು.

"ಅಯ್ಯೋ ನಿನ್ನ! ಕಿಟಕೀಲಿ ಕೂತು ಟೀಮು ನೋಡಿದೆ, ಟೀಮು ನೋಡಿದೆ ಅಂತ ಐವತ್ತು ವರ್ಷ ಹೇಳಿದ್ಯಲ್ಲೇ! ಮಿಕ್ಕ ಹತ್ತು ಜನ ನಿನ್ನ ಕಣ್ಣಿಗೆ ಒಂದು ದಿನಾನಾದ್ರೂ ಬಿದ್ದಿದ್ರಾ?"

"ಅವರು ದೂರ ಇರ್ತಿದ್ರು," ಎಂದಳು ನಂಬರಕ್ಕ. "ಬಿಸಿಲು. ಧೂಳು."

"ಹೌದೌದು, ಧೂಳು."

ಎಪ್ಪತ್ತಾರರ ಮುಖ ಕಿವಿಯವರೆಗೂ ಬಿಸಿಯಾಯಿತು. ಬದನೆಕಾಯಿ ಬಣ್ಣದ ಮಾತು ಎತ್ತಿದಾಗಲೆಲ್ಲ ಕಂಬ ಪತ್ರಿಕೆಯ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದ. ಒಂದು ಸಲವೂ, ನನ್ನದು ಮಾತ್ರ ಹಾಗಿತ್ತು ಕಣೇ ಎಂದು ತಿದ್ದಿರಲಿಲ್ಲ. ತಾನು ಯಾರಿಗೂ ಕಾಣದವನು ಎಂದು ಕೊನೆಯ ಅಂಗಿ ತೊಡಿಸಿಕೊಂಡವನಿಗೆ, ತನ್ನನ್ನಷ್ಟೇ ನೋಡಿದವಳೊಬ್ಬಳಿದ್ದಳು ಎನ್ನುವುದು ಅವಳಿಗಿಂತ ಮೊದಲೇ ತಿಳಿದಿತ್ತು. ಅದನ್ನು ಮಾತಾಗಿಸಿ ಹಾಳುಮಾಡಲು ಅವನಿಗೆ ಮನಸ್ಸಾಗಿರಲಿಲ್ಲ.

ಅವಳು ದಾರ ಗಂಟು ಹಾಕಿ, ಹಲ್ಲಿನಿಂದ ಕಚ್ಚಿ ತುಂಡರಿಸಿ, ನಾಲ್ಕರ ಮೇಲೆ ಅಂಗೈ ಸವರಿದಳು. "ಆಯ್ತು ಕ್ಯಾಪ್ಟನ್. ಇನ್ನು ಬಿರುಗಾಳಿ ಬಂದ್ರೂ ಹೋಗಲ್ಲ."

ಅವರು ಕೈ ಹಿಂದೆ ತಂದು ಮೂಲೆ ಮುಟ್ಟಿ ನೋಡಿದರು. ನೆಟ್ಟಗಾದರು. ಗಡಿಯಾರ ನೋಡಿದರು. ಮೂರಕ್ಕೆ ಐದು ನಿಮಿಷ ಇತ್ತು.

*

ಮಾರನೇ ದಿನ ಬೆಳಿಗ್ಗೆ ಮತ್ತೆ ಕ್ಲಬ್ಬಿನ ಕೋಣೆ. ಡಿಸೈನರ್ ಫೋಟೋವನ್ನು ಕಟ್ಟಿನಿಂದ ಬಿಡಿಸಿ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದ್ದಳು. ಕಾರ್ಯದರ್ಶಿ ಪರದೆಗೆ ಮೂಗು ತಾಗಿಸಿ ನೋಡಿದ. ಎಡತುದಿಯ ಕ್ಯಾಪ್ಟನ್ನಿಂದ ಬಲತುದಿಯ ಎತ್ತರದ ಮನುಷ್ಯನವರೆಗೆ ಅಂಗಿಗಳ ಬೂದುಬಣ್ಣ ಮೊದಲು ತುಸು ತಿಳಿಯಾಗಿ, ಆಮೇಲೆ ಇದ್ದಕ್ಕಿದ್ದಂತೆ ಕಪ್ಪಿಗೆ ಇಳಿದಿತ್ತು.

"ನಾವೆಲ್ಲ ಇದನ್ನ ಮರದ ನೆರಳು ಅಂದುಕೊಂಡಿದ್ವಲ್ಲ!" ಎಂದ. "ಹಾಗಾದ್ರೆ ಹನ್ನೊಂದು ಬಣ್ಣದಲ್ಲಿ ಮಾಡಿಸಬೇಕಾ ಈಗ? ಅಂಪೈರು ಆಡೋಕೇ ಬಿಡಲ್ಲ."

"ಹತ್ತು ಜನಕ್ಕೆ ಕ್ಯಾಪ್ಟನ್ನರ ಕೆಂಪು," ಎಂದಳು ಡಿಸೈನರ್. "ಗೋಲ್‌ಕೀಪರ್ ಬೇರೆ ಬಣ್ಣ ಹಾಕಲೇಬೇಕು ಅಂತ ಈಗಿನ ನಿಯಮವೇ ಇದೆ. ಅವರಿಗೆ ಹಸಿರು ಅಂತ ಬರೆದಿದ್ದೆ. ಹೊಡೆದುಹಾಕಿದೆ."

ಅವಳು ಕಾರ್ಡಿನ ಕಟ್ಟು ಬಿಚ್ಚಿ, ನೇರಳೆಯೂ ಕಂದೂ ಸೇರಿದ ಮೂವತ್ತು ಕಾರ್ಡುಗಳನ್ನು ಕಿಟಕಿಯ ಬೆಳಕಿನಲ್ಲಿ ಹರಡಿದಳು. "ಬಟ್ಟೆ ಇಲ್ಲ, ಯಂತ್ರ ಏನೂ ಮಾಡಲ್ಲ. ಇದನ್ನ ನೋಡಿರೋರು ನೀವೊಬ್ಬರೇ ಅಮ್ಮಾ. ನೀವು ತೋರಿಸಿದ್ದನ್ನೇ ಕಳಿಸ್ತೀನಿ."

ನಂಬರಕ್ಕ ಆತುರಪಡಲಿಲ್ಲ. ಒಂದೊಂದನ್ನೇ ಎತ್ತಿ ನೋಡಿ ಪಕ್ಕಕ್ಕೆ ಇಟ್ಟಳು. "ಇದರಲ್ಲಿ ನೀಲಿ ಜಾಸ್ತಿ... ಇದು ಜಂಬದ ಬಣ್ಣ, ನಮ್ಮ ಹಂಡೇಲಿ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ... ಇದು ಶಾಯಿ ಚೆಲ್ಲಿದ ಹಾಗಿದೆ." ಕಾರ್ಯದರ್ಶಿ ಚಹಾ ತರಿಸಿದ. ಚಹಾ ಆರಿತು. ಕೊನೆಗೆ ಅವಳ ಮುಂದೆ ಎರಡು ಕಾರ್ಡು ಉಳಿದವು.

"ಇದು ಅಮ್ಮನ ಕೈಯಲ್ಲಿದ್ದದ್ದು. ಅಂದ್ರೆ ಮೊದಲ ಪಂದ್ಯದ ದಿನದ್ದು. ಇದು ಅದೇ, ನಾಲ್ಕು ಒಗೆತ ಆದ ಮೇಲೆ."

"ಹೊಸದನ್ನೇ ಕಳಿಸಿ," ಎಂದ ಕಾರ್ಯದರ್ಶಿ. "ಹೊಸ ಜೆರ್ಸಿಗೆ ಒಗೆದ ಬಣ್ಣ ಯಾಕೆ?"

ನಂಬರಕ್ಕ ಎರಡನ್ನೂ ಎರಡು ಕೈಯಲ್ಲಿ ಹಿಡಿದು ಕೂತಳು. ಅಮ್ಮನ ಕೈ ಸುಳ್ಳಾಗಿರಲಿಲ್ಲ. ಅಷ್ಟು ಅವಳಿಗೆ ಸಾಕಾಗಿತ್ತು. ಮೊದಲ ಪಂದ್ಯದ ದಿನ ಕಿಟಕಿಯಾಚೆ ಕಂಡದ್ದು ಬರೀ ಒಂದು ಬೆನ್ನು, ಎತ್ತರದ್ದು. ಐದನೇ ಪಂದ್ಯದ ದಿನ ಆ ಬೆನ್ನಿನವನು ಹರಿದ ಭುಜ ಹಿಡಿದುಕೊಂಡು ಅಂಗಡಿಗೆ ಬಂದಿದ್ದ. ಅಮ್ಮ ಇರಲಿಲ್ಲ. ನಾನು ಹೊಲಿದರೆ ನಡೆಯುತ್ತದೆಯೇ ಎಂದು ಇವಳು ಕೇಳಿದ್ದಳು. ಅವನು ತಲೆಯಾಡಿಸಿ, ಹೊಲಿದು ಮುಗಿಯುವವರೆಗೂ ಉರುಳುತ್ತಿದ್ದ ದಾರದ ಉಂಡೆಯನ್ನು ನೆಲಕ್ಕೆ ಬೀಳದಂತೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. ಭುಜದ ಆ ಬಟ್ಟೆ ಅವಳ ಕಣ್ಣಿನಿಂದ ಒಂದು ಗೇಣು ದೂರದಲ್ಲಿತ್ತು.

"ಒಗೆದದ್ದು," ಎಂದಳು.

ಕಾರ್ಯದರ್ಶಿ ಏನೋ ಹೇಳಲು ಬಾಯಿ ತೆರೆದ. ಡಿಸೈನರ್ ಆಗಲೇ ಕಾರ್ಡನ್ನು ತೆಗೆದುಕೊಂಡು, ಅದರ ಕೆಳಗೆ ಅಚ್ಚಾಗಿದ್ದ ಸಂಖ್ಯೆಯನ್ನು ಮಿಲ್ಲಿನ ಪತ್ರದಲ್ಲಿ ಬರೆಯುತ್ತಿದ್ದಳು. ಬರೆದು ಜೋರಾಗಿ ಓದಿದಳು. ನಂಬರಕ್ಕ ಕಾರ್ಡನ್ನು ವಾಪಸು ತೆಗೆದುಕೊಂಡು, ಅದರ ಸಂಖ್ಯೆಯನ್ನು ಕಣ್ಣ ಹತ್ತಿರ ಹಿಡಿದು, ಇನ್ನೊಮ್ಮೆ ನಿಧಾನವಾಗಿ ಓದು ಎಂದಳು.